ಹಗುರ ಎಲ್-ಬ್ಯಾಂಡ್ ಆಂಟೆನಾ ತಪ್ಪು ಕೆಲ್ವಿನ್ ಕೊಡ್ತಿದ್ರೆ ದೋಷ ಎಲ್ಲಿಂದ ಹುಡುಕೋದು

ನಿಂತ ನೀರಿನ ಮೇಲೆ ಡ್ರೋನ್ ನಿಲ್ಲಿಸಿದ್ರೆ ರೇಡಿಯೋಮೀಟರ್ (ವಸ್ತುಗಳು ತಾವಾಗೇ ಹೊರಗೆ ಬಿಡೋ ಮೈಕ್ರೋವೇವ್‌ನ ಕೆಲ್ವಿನ್ ಲೆಕ್ಕದಲ್ಲಿ ಅಳೆಯೋ ಯಂತ್ರ) 110 ಕೆಲ್ವಿನ್ ಆಸುಪಾಸು ತೋರಿಸ್ಬೇಕು, ನನ್ನದು 144 ತೋರಿಸ್ತಿತ್ತು. ಒಣ ಮಣ್ಣಿನ ಮೇಲೆ ಹೋದ್ರೆ ಎಲ್ಲಾ ಸರಿ ಇದ್ದಂಗೇ ಕಾಣ್ತಿತ್ತು, ಹಸಿ ಮಣ್ಣಿಗೆ ಬಂದ್ರೆ ಸ್ವಲ್ಪ ಜಾಸ್ತಿ, ನೀರಿಗೆ ಬಂದ್ರೆ ಪೂರ್ತಿ ಎಡವಟ್ಟು. ಎರಡು ವಾರ ರಿಸೀವರ್ ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ, ಕೊನೆಗೆ ಗೊತ್ತಾಗಿದ್ದು ಏನು ಅಂದ್ರೆ ರಿಸೀವರ್‌ದು ಏನೂ ತಪ್ಪಿಲ್ಲ, ತೂಕ ಉಳಿಸೋಕೆ ಹೋಗಿ ನಾನೇ ಕೈಯಾರೆ ಮಾಡಿದ ಆಂಟೆನಾನೇ ಕಳ್ಳ. ಆ ಎರಡು ವಾರ ನಿಮ್ಮದು ಉಳೀಲಿ ಅಂತ ಯಾವ ಲಕ್ಷಣಕ್ಕೆ ಎಲ್ಲಿ ಕೈ ಹಾಕ್ಬೇಕು ಅನ್ನೋದನ್ನ ಇಲ್ಲಿ ಬರೀತಿದೀನಿ.

ನನ್ನ ಸೆಟಪ್ ಏನು ಅಂತ ಮೊದ್ಲು ಹೇಳ್ಬಿಡ್ತೀನಿ. 40 ಸೆಂಟಿಮೀಟರ್ ಚೌಕದ ಫೋಮ್ ಹಲಗೆ, 10 ಮಿಲಿಮೀಟರ್ ದಪ್ಪ, ಅದರ ಹಿಂದೆ ತಾಮ್ರದ ಗ್ರೌಂಡ್, ಮುಂದೆ ನಾಲ್ಕು ಪ್ಯಾಚ್ (ಅಲೆ ಹಿಡಿಯೋ ಚಪ್ಪಟೆ ಲೋಹದ ತುಂಡು), ನಾಲ್ಕನ್ನೂ ಸೇರಿಸೋಕೆ ಒಂದು ಕಂಬೈನರ್. ಕೆಲಸ ಮಾಡೋ ಬ್ಯಾಂಡ್ 1400ರಿಂದ 1427 ಮೆಗಾಹರ್ಟ್ಸ್, ಅಲೆಯುದ್ದ 21 ಸೆಂಟಿಮೀಟರ್ ಚಿಲ್ಲರೆ. ಮಣ್ಣಿನ ತೇವ, ಸಮುದ್ರದ ಉಪ್ಪು ನೋಡೋರೆಲ್ಲಾ ಇಲ್ಲಿಗೇ ಬರೋದು, 2009ರಲ್ಲಿ ಹೋದ ಸ್ಮಾಸ್, 2011ರ ಅಕ್ವೇರಿಯಸ್, 2015ರ ಸ್ಮ್ಯಾಪ್ ಮೂರೂ ಉಪಗ್ರಹ ಇದೇ ಬ್ಯಾಂಡ್‌ನವು. ಯಾಕಂದ್ರೆ ಒಣ ಮಣ್ಣಿನ ಡೈಎಲೆಕ್ಟ್ರಿಕ್ ಬೆಲೆ 3-4, ನೀರಿನದು 80 ಹತ್ರ, ಮಣ್ಣಿಗೆ ನೀರು ಸೇರ್ತಿದ್ದಂಗೆ ಅದು ಹೊರಗೆ ಬಿಡೋ ಮೈಕ್ರೋವೇವ್ ಕಡಿಮೆ ಆಗ್ತಾ ಹೋಗುತ್ತೆ, ಈ ಅಲೆಯುದ್ದದಲ್ಲಿ ಮೇಲಿನ 5 ಸೆಂಟಿಮೀಟರ್ ಮಣ್ಣು ಕಾಣ್ಸುತ್ತೆ, ಗಿಡಗಂಟಿ ಅಷ್ಟೊಂದು ಅಡ್ಡ ಬರಲ್ಲ.

ಮೊದ್ಲು ಎಷ್ಟು ಬರ್ಬೇಕು ಅಂತ ತಲೇಲಿರ್ಲಿ

ಸರಿಯಾದ ಉತ್ತರ ಗೊತ್ತಿಲ್ದೆ ತಪ್ಪು ಹುಡುಕೋಕಾಗಲ್ಲ. ನೆತ್ತಿ ಮೇಲಿನ ಖಾಲಿ ಆಕಾಶ ಸುಮಾರು 5 ಕೆಲ್ವಿನ್, ಅದರಲ್ಲಿ 2.7 ವಿಶ್ವದ ಹಿನ್ನೆಲೆದು, ಉಳಿದಿದ್ದು ಹೆಚ್ಚುಕಮ್ಮಿ ವಾತಾವರಣದ್ದು. ಶಾಂತವಾಗಿರೋ ಸಿಹಿನೀರು ನೇರ ಮೇಲಿಂದ ನೋಡಿದ್ರೆ 110 ಹತ್ರ, ಸಮುದ್ರದ ನೀರು ಅದಕ್ಕಿಂತ ಕಡಿಮೆ, ನೂರರ ಆಸುಪಾಸು. ಚೆನ್ನಾಗಿ ನೆನೆದ ಬರಿ ಮಣ್ಣು 180-200, ಒಣಗಿದ್ದು 260-280. ದಟ್ಟ ಮರದ ಗುಂಪು ಅದರ ಸ್ವಂತ ಉಷ್ಣತೆಗೆ ಹತ್ರಹತ್ರ. ಇವಿಷ್ಟೂ ಪುಕ್ಕಟೆ ಸಿಗೋ ಅಳತೆಗೋಲು, ಇದ್ರಲ್ಲಿ ಆಕಾಶ ಮತ್ತೆ ನೀರು ತುಂಬಾ ಮುಖ್ಯ, ಯಾಕೆ ಅಂತ ಈಗ ನೋಡಿ.

ಎಸ್11 ಚೆನ್ನಾಗಿದೆ, ಆದ್ರೂ ರೀಡಿಂಗ್ ತಪ್ಪು

ಎಲ್ಲರೂ ಮಾಡೋ ಮೊದಲ ಕೆಲಸ ಅಂದ್ರೆ ವಿಎನ್‌ಎ (ಆಂಟೆನಾಗೆ ಸಿಗ್ನಲ್ ಕಳಿಸಿ ಅಳೆಯೋ ಯಂತ್ರ) ಹಾಕಿ ಎಸ್11, ಅಂದ್ರೆ ಕಳಿಸಿದ್ರಲ್ಲಿ ಎಷ್ಟು ವಾಪಸ್ ಬಂತು ಅನ್ನೋದನ್ನ ನೋಡೋದು. ನಾನೂ ಅದನ್ನೇ ಮಾಡಿದ್ದು, ಮೈನಸ್ 22 ಡಿಬಿ ಕಾಣ್ತು, ಆಂಟೆನಾ ಸೂಪರ್ ಅಂದ್ಕೊಂಡು ರಿಸೀವರ್ ಕಡೆ ತಿರುಗಿದೆ. ಅಲ್ಲೇ ಮೋಸ ಹೋಗಿದ್ದು. 50 ಓಮ್ ರೆಸಿಸ್ಟರ್ ಒಂದನ್ನ ವಿಎನ್‌ಎಗೆ ಸಿಕ್ಕಿಸಿ ನೋಡಿ, ಅದಕ್ಕಿಂತ ಚೆಂದದ ಎಸ್11 ಯಾವ ಆಂಟೆನಾನೂ ಕೊಡಲ್ಲ, ಹಂಗಂತ ಅದು ಆಂಟೆನಾನಾ? ಎಸ್11 ಹೇಳೋದು ಪವರ್ ವಾಪಸ್ ಬರ್ಲಿಲ್ಲ ಅಂತ ಅಷ್ಟೇ, ಗಾಳಿಗೆ ಹೋಯ್ತಾ ಇಲ್ಲಾ ಹಲಗೆ ಒಳಗೇ ಬಿಸಿಯಾಗಿ ಕರಗ್ತಾ ಅನ್ನೋದನ್ನ ಹೇಳಲ್ಲ. ಮೊಬೈಲ್, ವೈಫೈ ಕೆಲಸದಲ್ಲಿ ಅರ್ಧ ಡಿಬಿ ಹೋದ್ರೆ ಯಾರೂ ಕ್ಯಾರೇ ಅನ್ನಲ್ಲ. ರೇಡಿಯೋಮೀಟರ್‌ನಲ್ಲಿ ಹಂಗಲ್ಲ, ಯಾವ ವಸ್ತು ಪವರ್ ನುಂಗುತ್ತೋ ಅದು ತನ್ನ ಬಿಸಿಯ ಲೆಕ್ಕಕ್ಕೆ ನಾಯ್ಸ್ ಉಗುಳುತ್ತೆ ಕೂಡ, ಅಂದ್ರೆ ಬರೋ ಸಿಗ್ನಲ್ ಕಡಿಮೆ ಆಗೋದಲ್ದೆ ಆಂಟೆನಾದ ಸ್ವಂತ ಉಷ್ಣತೆ ಅದರ ಜೊತೆ ಬೆರಕೆ ಆಗುತ್ತೆ.

ಲೆಕ್ಕ ಸುಲಭ. ಅರ್ಧ ಡಿಬಿ ಲಾಸ್ ಅಂದ್ರೆ ನೂರಕ್ಕೆ ಹೆಚ್ಚುಕಮ್ಮಿ 89 ಪಾಲು ದೃಶ್ಯ, 11 ಪಾಲು ಆಂಟೆನಾ. ಆಂಟೆನಾ 300 ಕೆಲ್ವಿನ್‌ನಲ್ಲಿದ್ರೆ 5 ಕೆಲ್ವಿನ್ ಆಕಾಶ 37 ಆಗಿ ಕಾಣುತ್ತೆ, 110ರ ನೀರು 131 ಆಗುತ್ತೆ, 270ರ ಒಣ ಮಣ್ಣು 273. ನೋಡಿ, ಒಣ ಮಣ್ಣಲ್ಲಿ ತಪ್ಪು ಮೂರೇ ಮೂರು ಕೆಲ್ವಿನ್, ಅದಕ್ಕೇ ಅಲ್ಲಿ ಎಲ್ಲಾ ಸರಿ ಇದ್ದಂಗೆ ಅನ್ಸೋದು. ದೃಶ್ಯ ತಣ್ಣಗಾದಷ್ಟೂ ಕಳ್ಳತನ ಬಯಲಾಗುತ್ತೆ. 0.1 ಡಿಬಿ ಕೂಡ ಆಕಾಶದ ರೀಡಿಂಗ್‌ಗೆ 7 ಕೆಲ್ವಿನ್ ಹತ್ರ ಸೇರಿಸುತ್ತೆ, ಅಷ್ಟು ಸಣ್ಣ ಲಾಸ್‌ನ ವಿಎನ್‌ಎಲಿ ನಂಬೋ ಹಂಗೆ ಅಳೆಯೋದು ಕಷ್ಟ, ಆದ್ರೆ ಆಕಾಶ ಎರಡೇ ನಿಮಿಷದಲ್ಲಿ ಹೇಳ್ಬಿಡುತ್ತೆ.

ಅದಕ್ಕೇ ನನ್ನ ಪ್ರಕಾರ ಈ ಕೆಲಸದಲ್ಲಿ ಮೊದಲ ಟೆಸ್ಟ್ ಎಸ್11 ಅಲ್ಲ, ಆಕಾಶ. ಮ್ಯಾಚ್ ಹಾಳಾಗಿದ್ರೆ, ಅಂದ್ರೆ ಪವರ್ ಆಂಟೆನಾದಿಂದ ವಾಪಸ್ ಚಿಮ್ತಿದ್ರೆ, ಅದೂ ಕಾಟ ಕೊಡುತ್ತೆ, ಇಲ್ಲ ಅಂತಲ್ಲ. ವಿಎಸ್‌ಡಬ್ಲ್ಯುಆರ್ (ಮ್ಯಾಚ್ ಎಷ್ಟು ಕೆಟ್ಟಿದೆ ಅನ್ನೋ ಅಳತೆ) 2 ಅಂದ್ರೆ ನೂರಕ್ಕೆ 11 ಪಾಲು ವಾಪಸ್, ರಿಸೀವರ್ ಮುಂದಿರೋ ಐಸೊಲೇಟರ್ ಅನ್ನೋ ಭಾಗ ತನ್ನ 290 ಕೆಲ್ವಿನ್ ನಾಯ್ಸ್‌ನ ಆಂಟೆನಾ ಕಡೆಗೂ ಬಿಡ್ತಿರುತ್ತೆ, ಅದರಲ್ಲಿ 11 ಪಾಲು ತಿರುಗಿ ಒಳಗೆ ಬರುತ್ತೆ, 200 ಇರೋದು 210 ಆಗುತ್ತೆ. ಆದ್ರೆ ಅದು ಕಣ್ಣಿಗೆ ಕಾಣೋ ದೋಷ, ಪ್ಯಾಚ್ ಉದ್ದ ಸರಿ ಮಾಡಿದ್ರೆ ಮುಗೀತು. ಕಾಣದೇ ಇರೋದೇ ಪ್ರಾಣ ತಿನ್ನೋದು.

ಆಕಾಶ, ನೀರು, ಮಣ್ಣು ಮೂರನ್ನೂ ಒಟ್ಟಿಗೆ ಇಟ್ಟು ನೋಡಿ

ಹಲಗೇನ ಬಯಲಲ್ಲಿ ಬೆನ್ನು ಕೆಳಗೆ ಮಾಡಿ ಮಲಗಿಸಿ, ಪ್ಯಾಚ್‌ಗಳು ಮೇಲೆ ನೋಡ್ಲಿ, ಮರ ಕಟ್ಟಡ ದೂರ ಇರ್ಲಿ, ನೀವೂ ಪಕ್ಕದಲ್ಲಿ ಬಗ್ಗಿ ನಿಲ್ಬೇಡಿ, ಮನುಷ್ಯನ ದೇಹ ಇದಕ್ಕೆ 300 ಕೆಲ್ವಿನ್‌ನ ಹಂಡೆ ಇದ್ದಂಗೆ. ಸೂರ್ಯ ಮುಳುಗಿದ ಮೇಲೆ ಮಾಡಿ. ಹಗಲಲ್ಲಿ ಮಾಡಿದ್ರೆ ಸೂರ್ಯ ಬೀಮ್ ಒಳಗೆ ಬಂದ್ಬಿಡ್ತಾನೆ, ಈ ಬ್ಯಾಂಡ್‌ನಲ್ಲಿ ಅವನು ಲಕ್ಷ ಕೆಲ್ವಿನ್ ಮೇಲೇನೇ, ಅರ್ಧ ಡಿಗ್ರಿ ಅಗಲದ ಚುಕ್ಕಿ ಆದ್ರೂ 35 ಡಿಗ್ರಿ ಬೀಮ್‌ಗೆ ಹದಿನೈದಿಪ್ಪತ್ತು ಕೆಲ್ವಿನ್ ಸೇರಿಸ್ತಾನೆ. ಕ್ಷೀರಪಥದ ಪಟ್ಟೆ ನೆತ್ತಿ ಮೇಲಿದ್ರೂ ಕೆಲವು ಕೆಲ್ವಿನ್ ಏರುತ್ತೆ, ಅದು ಸರಿದ ಮೇಲೆ ನೋಡಿದ್ರೆ ಒಳ್ಳೇದು.

ಈಗ ಮೂರು ರೀಡಿಂಗ್ ಪಕ್ಕಪಕ್ಕ ಬರ್ಕೊಳ್ಳಿ. ಆಕಾಶದಲ್ಲಿ ತಪ್ಪು ದೊಡ್ಡದು, ನೀರಲ್ಲಿ ಮಧ್ಯಮ, ಒಣ ಮಣ್ಣಲ್ಲಿ ಇಲ್ವೇ ಇಲ್ಲ ಅನ್ನೋಷ್ಟು ಇದ್ರೆ ಅದು ಲಾಸ್, ಬೇರೆ ಕಡೆ ಹುಡುಕ್ಬೇಡಿ. ಮೂರರಲ್ಲೂ ಒಂದೇ ಸಮ ಜಾಸ್ತಿ ಇದ್ರೆ ಆಂಟೆನಾ ಬಿಡಿ, ಕ್ಯಾಲಿಬ್ರೇಶನ್ ಇಲ್ಲಾ ಹೊರಗಿನ ಸಿಗ್ನಲ್ ನುಗ್ತಿದೆ. ಆಕಾಶ ನೋಡುವಾಗ ಜಾಸ್ತಿ, ಆದ್ರೆ ಮೇಲಿಂದ ಮಣ್ಣು ನೋಡುವಾಗ ಕಡಿಮೆ ಬಂತು ಅಂದ್ರೆ ಹಿಂಬದಿ ಲೋಬ್, ಅಂದ್ರೆ ಆಂಟೆನಾ ಬೆನ್ನಿಂದಲೂ ನೋಡ್ತಿದೆ. ಶೇಕಡಾ 5ರಷ್ಟು ಹಿಂದಿನಿಂದ ಬರ್ತಿದ್ರೆ ಆಕಾಶಕ್ಕೆ 14 ಕೆಲ್ವಿನ್ ನೆಲದ್ದು ಸೇರುತ್ತೆ, ಅದೇ ಹಾರ್ತಿರುವಾಗ 270ರ ಮಣ್ಣಲ್ಲಿ 13 ಕೆಲ್ವಿನ್ ಕಳೆದು 257 ಆಗುತ್ತೆ ಯಾಕಂದ್ರೆ ಈಗ ಬೆನ್ನು ನೋಡೋದು ತಣ್ಣನೆ ಆಕಾಶನ. ತೂಕಕ್ಕೆ ಹೆದರಿ ಗ್ರೌಂಡ್ ಹಾಳೆನ ಪ್ಯಾಚ್ ಅಂಚಿಗೇ ಕತ್ತರಿಸಿದೋರಿಗೆ ಇದು ಗ್ಯಾರಂಟಿ. ಪ್ಯಾಚ್ ಅಂಚಿನಿಂದ ಆಚೆಗೆ ಕಾಲು ಅಲೆಯುದ್ದ, 5 ಸೆಂಟಿಮೀಟರ್‌ನಷ್ಟಾದ್ರೂ ಗ್ರೌಂಡ್ ಬಿಡಿ, ತಾಮ್ರದ ಹಾಳೆ ಎಷ್ಟು ಮಹಾ ತೂಕ ಬರುತ್ತೆ.

ನನ್ನದು ಆಕಾಶಕ್ಕೆ 58 ಕೊಟ್ಟಿತ್ತು. ಲಾಸ್‌ಗೆ ತಿರುಗಿಸಿದ್ರೆ 0.9 ಡಿಬಿ ಹತ್ರ.

ಲಾಸ್ ಅಂತ ಗೊತ್ತಾಯ್ತು, ಎಲ್ಲಿ?

ಇಲ್ಲೇ ಹೆಚ್ಚು ಹೊತ್ತು ಕಳೀಬೇಕಾಗೋದು, ಯಾಕಂದ್ರೆ ಹಗುರ ಮಾಡೋ ಪ್ರತಿ ಉಪಾಯನೂ ಎಲ್ಲೋ ಒಂದು ಕಡೆ ಲಾಸ್ ಆಗಿ ವಾಪಸ್ ಬರುತ್ತೆ.

ಮೊದ್ಲು ಕೇಬಲ್. ಸಪೂರ ಕೋಆಕ್ಸ್ ಹಗುರ ಅಂತ ಹಾಕಿರ್ತೀವಿ, ಆರ್‌ಜಿ316 ಈ ಫ್ರೀಕ್ವೆನ್ಸಿಗೆ ಮೀಟರ್‌ಗೆ 1 ಡಿಬಿ ಆಸುಪಾಸು ತಿನ್ನುತ್ತೆ. 30 ಸೆಂಟಿಮೀಟರ್ ಹಾಕಿದ್ರೆ 0.3 ಡಿಬಿ, ಆಕಾಶದಲ್ಲಿ 20 ಕೆಲ್ವಿನ್. ಆರ್‌ಜಿ178 ಇನ್ನೂ ಸಪೂರ, ಇನ್ನೂ ಹೊಟ್ಟೆಬಾಕ. ಪರಿಹಾರ ದಪ್ಪ ಕೇಬಲ್ ಅಲ್ಲ, ಎಲ್‌ಎನ್‌ಎನ (ಸಣ್ಣ ಸಿಗ್ನಲ್‌ನ ಕಡಿಮೆ ನಾಯ್ಸ್‌ನಲ್ಲಿ ದೊಡ್ಡದು ಮಾಡೋ ಆಂಪ್ಲಿಫೈಯರ್) ತಂದು ಹಲಗೆ ಬೆನ್ನಿಗೇ ಅಂಟಿಸೋದು, ಆಮೇಲೆ ಎಷ್ಟು ಸಪೂರ ಕೇಬಲ್ ಹಾಕಿದ್ರೂ ನಡೆಯುತ್ತೆ.

ಎರಡನೇದು ತಾಮ್ರದ ಟೇಪ್. ಇದು ನನ್ನ ಕಥೆ. 40 ಸೆಂಟಿಮೀಟರ್ ಅಗಲದ ತಾಮ್ರದ ಹಾಳೆ ಕೈಗೆ ಸಿಗ್ಲಿಲ್ಲ ಅಂತ 5 ಸೆಂಟಿಮೀಟರ್ ಟೇಪ್‌ನ ಪಟ್ಟಿ ಪಟ್ಟಿಯಾಗಿ ಒಂದರ ಮೇಲೊಂದು ಅಂಚು ಕೂರೋ ಹಂಗೆ ಅಂಟಿಸಿ ಗ್ರೌಂಡ್ ಮಾಡಿದ್ದೆ. ಟೇಪ್‌ನ ಅಂಟು ಮಾಮೂಲಿ ಅಕ್ರಿಲಿಕ್, ಕರೆಂಟ್ ಹರಿಯಲ್ಲ. ತಾಮ್ರ ತಾಮ್ರ ಮುಟ್ಟಿದೆ ಅನ್ಸುತ್ತೆ, ನಿಜಕ್ಕೂ ಮಧ್ಯೆ ಅಂಟಿನ ಪದರ ಇರುತ್ತೆ, ಅದೊಂದು ಲಾಸ್ ಇರೋ ಕೆಪಾಸಿಟರ್ ಆಗಿ ಕೂತಿರುತ್ತೆ. ಪ್ಯಾಚ್ ಕೆಳಗೆ ಕರೆಂಟ್ ಜೋರಾಗಿ ಹರಿಯೋ ದಿಕ್ಕಿಗೆ ಅಡ್ಡವಾಗಿ ಆ ಜೋಡು ಬಂದ್ರೆ ಕಥೆ ಮುಗೀತು. ಕಂಡುಹಿಡಿದಿದ್ದು ಹೆಂಗೆ ಅಂದ್ರೆ, ವಿಎನ್‌ಎ ಓಡ್ತಿರುವಾಗ ಹಲಗೆ ಹಿಂದೆ ಒಂದೊಂದೇ ಜೋಡಿನ ಮೇಲೆ ಹೆಬ್ಬೆರಳಿಂದ ಒತ್ತುತಾ ಹೋದೆ. ಸರಿ ಇರೋ ಗ್ರೌಂಡ್ ಆದ್ರೆ ಹಿಂದೆ ಒತ್ತಿದ್ರೆ ಮುಂದಿನ ಪ್ಯಾಚ್‌ಗೆ ಏನೂ ಆಗ್ಬಾರ್ದು. ಮೂರನೇ ಜೋಡು ಒತ್ತಿದಾಗ ಎಸ್11 ಗ್ರಾಫ್‌ನ ಡಿಪ್ (ತಗ್ಗು) ಪಟ್ಟಂತ 4 ಮೆಗಾಹರ್ಟ್ಸ್ ಪಕ್ಕಕ್ಕೆ ಹಾರ್ತು, ಕೈ ಬಿಟ್ರೆ ನಿಧಾನಕ್ಕೆ ವಾಪಸ್ ಬಂತು. ಮಲ್ಟಿಮೀಟರ್ ಇಟ್ಟು ನೋಡಿದ್ರೆ ಪಕ್ಕಪಕ್ಕದ ಎರಡು ಪಟ್ಟಿ ಮಧ್ಯೆ ಕಂಟಿನ್ಯುಟಿನೇ ಇಲ್ಲ. ಎಲ್ಲಾ ಜೋಡಿಗೂ ಉದ್ದಕ್ಕೆ ಬೆಸುಗೆ ಎಳೆದೆ, ಫೋಮ್ ಕರಗದೇ ಇರ್ಲಿ ಅಂತ ಬೇಗ ಬೇಗ, ಸ್ವಲ್ಪ ಸ್ವಲ್ಪ ದೂರ ಬಿಟ್ಟು. ಅವತ್ತು ರಾತ್ರಿ ಆಕಾಶ 58ರಿಂದ 30ಕ್ಕೆ ಇಳೀತು. ಮಾರನೇ ದಿನ ಎಲ್‌ಎನ್‌ಎನ ಹಲಗೆಗೆ ತಂದು ಕೇಬಲ್ ತೆಗೆದ ಮೇಲೆ 12. ವಾಹಕ ಅಂಟಿರೋ ಟೇಪ್ ಅಂತನೂ ಸಿಗುತ್ತೆ, ಆದ್ರೆ ಅದನ್ನೂ ನಾನು ಬೆಸುಗೆ ಇಲ್ದೆ ನಂಬಲ್ಲ, ಬಿಸಿಲು ತಣ್ಣನೆಗೆ ಅಂಟು ಸಡಿಲ ಆಗುತ್ತೆ.

ಬೆಳ್ಳಿ ಬಣ್ಣದ ತುರ್ತು ಕಂಬಳಿ, ಅಲ್ಯೂಮಿನಿಯಂ ಲೇಪಿಸಿದ ಪಾಲಿಯೆಸ್ಟರ್ ಹಾಳೆ, ಅದನ್ನ ಬಳಸೋ ಆಸೆ ಎಲ್ಲರಿಗೂ ಒಂದ್ಸಲ ಬರುತ್ತೆ, ಅಷ್ಟು ಹಗುರ. ಆದ್ರೆ ಅದರ ಲೋಹದ ಪದರ ಮೈಕ್ರಾನ್‌ನ ಹತ್ತನೇ ಒಂದು ಪಾಲು ಇಲ್ಲಾ ಅದಕ್ಕಿಂತ ತೆಳು, 1.4 ಗಿಗಾಹರ್ಟ್ಸ್‌ನಲ್ಲಿ ಅಲ್ಯೂಮಿನಿಯಂನ ಸ್ಕಿನ್ ಡೆಪ್ತ್ (ಕರೆಂಟ್ ಹರಿಯೋ ಮೇಲ್ಪದರದ ದಪ್ಪ) 2 ಮೈಕ್ರಾನ್ ಮೇಲೆ. ದೊಡ್ಡ ರಿಫ್ಲೆಕ್ಟರ್ ಆಗಿ ಬಳಸಿದ್ರೆ ಒಂದೇ ಸಲ ಬಡಿದು ಹೋಗೋ ಅಲೆ, ಶೇಕಡಾ ಅರ್ಧದಷ್ಟು ಹೋಗ್ಬಹುದು, ಅಂದ್ರೆ ಒಂದೂವರೆ ಕೆಲ್ವಿನ್, ಸಹಿಸ್ಬಹುದು. ಪ್ಯಾಚ್‌ನಲ್ಲಿ ಕರೆಂಟ್ ಹಿಂದೆ ಮುಂದೆ ಹತ್ತಾರು ಸಲ ಓಡಾಡುತ್ತೆ, ಅಲ್ಲಿ ಅರ್ಧ ಡಿಬಿ ಹೋಗೋದು ಏನೂ ಆಶ್ಚರ್ಯ ಅಲ್ಲ. ತಾಮ್ರದ ಸ್ಕಿನ್ ಡೆಪ್ತ್ 1.8 ಮೈಕ್ರಾನ್, 35 ಮೈಕ್ರಾನ್ ಹಾಳೆ ಇದ್ರೆ ಧಾರಾಳ ಸಾಕು, ಅದಕ್ಕಿಂತ ದಪ್ಪ ಹಾಕಿ ತೂಕ ಏರಿಸೋದೂ ದಂಡ. ತ್ರೀಡಿ ಪ್ರಿಂಟ್ ಮಾಡಿದ ಹಾರ್ನ್‌ಗೆ ವಾಹಕ ಪೇಂಟ್ ಬಳಿಯೋರಿಗೂ ಇದೇ ಮಾತು, ನಿಕ್ಕಲ್ ಪೇಂಟ್ ಬಳಿದು ಲಾಸ್ ಜಾಸ್ತಿ ಅಂತ ಅಳಬೇಡಿ.

ಎಫ್‌ಆರ್4 (ಮಾಮೂಲಿ ಸರ್ಕ್ಯೂಟ್ ಬೋರ್ಡ್‌ನ ಹಲಗೆ) ಬಗ್ಗೆ ಎರಡೇ ಮಾತು, ಬೇಡ್ವೇ ಬೇಡ. ಲಾಸ್ ಟ್ಯಾಂಜೆಂಟ್ 0.02, 1.6 ಮಿಲಿಮೀಟರ್ ಹಲಗೆ ಮೇಲೆ ಎಲ್-ಬ್ಯಾಂಡ್ ಪ್ಯಾಚ್ ಮಾಡಿದ್ರೆ ಅರ್ಧಕ್ಕಿಂತ ಜಾಸ್ತಿ ಪವರ್ ಹಲಗೇನೇ ನುಂಗ್ಬಿಡುತ್ತೆ. ಪ್ಯಾಚ್ 5 ಸೆಂಟಿಮೀಟರ್‌ಗೆ ಇಳಿಯುತ್ತೆ ಅಂತ ಖುಷಿಯಾಗುತ್ತೆ ಅಷ್ಟೇ.

ಆಮೇಲೆ ಕಪ್ಪು ಬಣ್ಣ. ಕಪ್ಪು ಪ್ಲಾಸ್ಟಿಕ್, ಕಪ್ಪು ಪೇಂಟ್, ಕಪ್ಪು ಫಿಲಮೆಂಟ್ ಇವುಗಳಲ್ಲಿ ಕಾರ್ಬನ್ ಪುಡಿ ಇರ್ಬಹುದು. ಒಬ್ಬರು ರೇಡೋಮ್‌ನ (ಆಂಟೆನಾ ಮೇಲಿನ ಹೊದಿಕೆ) ಕಪ್ಪು ಆಂಟಿಸ್ಟ್ಯಾಟಿಕ್ ಹಾಳೇಲಿ ಮುಚ್ಚಿದ್ರು, ಆಂಟೆನಾ ಅನ್ನೋದು ನಾಯ್ಸ್ ಸೋರ್ಸ್ ಆಗಿತ್ತು. ಅನುಮಾನ ಇದ್ರೆ ಆ ತುಂಡನ್ನ ಪ್ಯಾಚ್ ಮುಂದೆ ಹಿಡಿದು ಆಕಾಶದ ರೀಡಿಂಗ್ ನೋಡಿ, ಏರಿದ್ರೆ ಎಸೀರಿ.

ಪ್ಯಾಚ್ ಒಂದೊಂದನ್ನೇ ಪರೀಕ್ಷೆ ಮಾಡ್ಬೇಕು ಅಂದ್ರೆ ಹಳೇ ವೀಲರ್ ಕ್ಯಾಪ್ ವಿಧಾನ ಇದೆ. ಪ್ಯಾಚ್ ಮುಚ್ಚೋ ಹಂಗೆ ಒಂದು ಅಲ್ಯೂಮಿನಿಯಂ ಪಾತ್ರೆನ ಗ್ರೌಂಡ್ ಮೇಲೆ ಬೋರಲು ಹಾಕಿ, ಅಂಚು ಸುತ್ತಲೂ ಲೋಹಕ್ಕೆ ಲೋಹ ಕೂರ್ಲಿ. ಈಗ ಪವರ್ ಹೊರಗೆ ಹೋಗೋ ಹಂಗಿಲ್ಲ, ಲಾಸ್ ಇಲ್ಲದ ಪ್ಯಾಚ್ ಆದ್ರೆ ಎಲ್ಲಾ ವಾಪಸ್ ಬರ್ಬೇಕು, ಎಸ್11 ಸೊನ್ನೆ ಡಿಬಿಲೇ ಮಲಗಿರ್ಬೇಕು. ಅಲ್ಲೊಂದು ಡಿಪ್ ಕಂಡ್ರೆ ಅದೇ ಪ್ಯಾಚ್ ನುಂಗ್ತಿರೋದು. ಹೊರಗೆ ಚೆನ್ನಾಗಿ ಮ್ಯಾಚ್ ಆಗಿರೋ ಪ್ಯಾಚ್‌ನ ಡಿಪ್ ಒಳಗೆ 1.7 ಡಿಬಿ ಆಳ ಇದ್ರೆ ಸುಮಾರು ಹತ್ತರಲ್ಲಿ ಒಂದು ಪಾಲು ಹೋಗ್ತಿದೆ ಅಂತ ಲೆಕ್ಕ. ಪಾತ್ರೆನೇ ಅನುರಣಿಸಿ ಸುಳ್ಳು ಡಿಪ್ ತೋರಿಸೋದೂ ಉಂಟು, ಅನುಮಾನ ಬಂದ್ರೆ ಬೇರೆ ಅಳತೆಯ ಪಾತ್ರೆ ಹಾಕಿ ನೋಡಿ, ಎರಡರಲ್ಲೂ ಬಂದ್ರೆ ಮಾತ್ರ ನಂಬಿ.

ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು

ಬೆಳಿಗ್ಗೆ ಹಾರಿಸಿದ್ದಕ್ಕೂ ಮಧ್ಯಾಹ್ನದ್ದಕ್ಕೂ ತಾಳೆ ಆಗ್ತಿಲ್ಲ ಅಂದ್ರೆ ಎರಡು ಕಾರಣ, ಬಿಸಿ ಇಲ್ಲಾ ತೇವ. ಬಿಸಿದು ಮೇಲಿನ ಲೆಕ್ಕದಲ್ಲೇ ಇದೆ, ಅರ್ಧ ಡಿಬಿ ಲಾಸ್ ಇರೋ ಹಲಗೆ ಬಿಸಿಲಿಗೆ 10 ಡಿಗ್ರಿ ಏರಿದ್ರೆ ರೀಡಿಂಗ್ 1.1 ಕೆಲ್ವಿನ್ ಏರುತ್ತೆ. ಮಣ್ಣಿನ ಕೆಲಸಕ್ಕೆ ಇದು ತಡ್ಕೋಬಹುದು, ಬರಿ ಮಣ್ಣಲ್ಲಿ ಶೇಕಡಾ 1 ತೇವಕ್ಕೆ 2-3 ಕೆಲ್ವಿನ್ ಬದಲಾಗುತ್ತೆ. ಸಮುದ್ರದ ಉಪ್ಪಿಗೆ ಹೋದ್ರೆ ಅಯ್ಯೋ ಪಾಪ, ಬೆಚ್ಚನೆ ನೀರಲ್ಲಿ 1 ಪಿಎಸ್‌ಯುಗೆ (ನೀರಿನ ಉಪ್ಪಿನ ಅಳತೆ) ಅರ್ಧ ಕೆಲ್ವಿನ್ ಆಸುಪಾಸು ಅಷ್ಟೇ, ತಣ್ಣನೆ ನೀರಲ್ಲಿ ಅದಕ್ಕೂ ಅರ್ಧ, ಅಂದ್ರೆ ಹಲಗೆ ಬಿಸಿಯಾಗಿದ್ದೇ 2 ಪಿಎಸ್‌ಯು ಉಪ್ಪು ಅಂತ ಓದ್ಬಿಡ್ತೀರ. ಹಲಗೆ ಹಿಂದೆ ಎರಡು ಥರ್ಮಿಸ್ಟರ್ ಅಂಟಿಸಿ, ಅದರ ಲಾಗ್‌ನ ರೀಡಿಂಗ್ ಪಕ್ಕ ಗ್ರಾಫ್ ಹಾಕಿ, ಎರಡೂ ಕೈಕೈ ಹಿಡ್ಕೊಂಡು ಏರಿಳಿದ್ರೆ ಕಾರಣ ಸಿಕ್ಕಂಗೇ. ಕ್ಯಾಲಿಬ್ರೇಶನ್ ಡಯೋಡ್, ಡಿಕ್ಕಿ ಸ್ವಿಚ್ (ಆಂಟೆನಾಗೂ ಗೊತ್ತಿರೋ ಉಷ್ಣತೆಯ ಲೋಡ್‌ಗೂ ಮಧ್ಯೆ ರಿಸೀವರ್‌ನ ತಿರುಗಿಸ್ತಾ ಇರೋದು) ಇದ್ರೂ ಇದು ತಪ್ಪಲ್ಲ ಅನ್ನೋದು ನೆನಪಿರ್ಲಿ, ಅವೆಲ್ಲಾ ಸ್ವಿಚ್‌ನಿಂದ ಹಿಂದಿನದನ್ನ ಮಾತ್ರ ಸರಿ ಮಾಡೋದು, ಆಂಟೆನಾ ಸ್ವಿಚ್‌ನ ಮುಂದಿದೆ.

ತೇವದ್ದು ಇನ್ನೂ ಮಜಾ. ಫೋಮ್‌ನ ಡೈಎಲೆಕ್ಟ್ರಿಕ್ ಬೆಲೆ 1.07 ಇತ್ತು ಅಂತ ಇಟ್ಕೊಳ್ಳಿ, ನೀರು ಕುಡಿದು 1.12 ಆದ್ರೆ ಅನುರಣನ ಶೇಕಡಾ 2.3 ಕೆಳಗೆ ಜಾರುತ್ತೆ, 32 ಮೆಗಾಹರ್ಟ್ಸ್, ನಮ್ಮ ಬ್ಯಾಂಡ್‌ನ ಅಗಲನೇ 27. ಪಿಎಂಐ ಅನ್ನೋ ಜಾತಿಯ ಫೋಮ್ ಗಟ್ಟಿ, ಹಗುರ, ಎಲ್ಲಾ ಒಳ್ಳೇದೇ, ಆದ್ರೆ ಗಾಳಿಯ ತೇವ ಹೀರುತ್ತೆ, ಕತ್ತರಿಸಿದ ಅಂಚು ತೆರೆದಿಟ್ರೆ ಅಲ್ಲಿಂದ ಒಳಗೆ ಹೋಗುತ್ತೆ. ಪರೀಕ್ಷೆಗೆ ವಿಎನ್‌ಎ ಕೂಡ ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹಲಗೆ ಹೊಸದಿದ್ದಾಗ ತೂಕ ಮಾಡಿ ಹಿಂದೆ ಮಾರ್ಕರ್‌ನಲ್ಲಿ ಬರೆದಿಡಿ. ಖಾಲಿ ಫೋಮೇ 50-80 ಗ್ರಾಂ ಇರೋದು, ಮಳೆಗಾಲ ಕಳೆದ ಮೇಲೆ ಇಪ್ಪತ್ತು ಗ್ರಾಂ ಏರಿದ್ರೆ ಅದು ನೀರಲ್ದೆ ಇನ್ನೇನು. ಹದವಾದ ಬಿಸಿಲಿಗೆ ಇಟ್ಟು ಒಣಗಿಸಿ, ತೂಕ ವಾಪಸ್ ಬಂದ ಮೇಲೆ ಅಂಚಿಗೆ ತೆಳು ಎಪಾಕ್ಸಿ ಬಳೀರಿ. ಬೆಳಗಿನ ಇಬ್ಬನಿ ಬೇರೆ ವಿಷಯ, ಅದು ಪ್ಯಾಚ್‌ನ ಅಂಚಲ್ಲಿ ಹನಿ ಹನಿಯಾಗಿ ಕೂತು ಟ್ಯೂನಿಂಗ್ ಕೆಡಿಸುತ್ತೆ, ಬಟ್ಟೇಲಿ ಒರೆಸಿದ ತಕ್ಷಣ ಸರಿಹೋದ್ರೆ ಇಬ್ಬನಿ, ಒರೆಸಿದ್ರೂ ಹೋಗಲ್ಲ ಅಂದ್ರೆ ಒಳಗೆ ಕುಡಿದಿದೆ.

ಮೋಟರ್ ಆನ್ ಮಾಡಿದ್ರೆ ಹಾರುತ್ತೆ

ನೆಲದಲ್ಲಿ ಸರಿ, ಡ್ರೋನ್ ಸ್ಟಾರ್ಟ್ ಆದ್ರೆ ರೀಡಿಂಗ್ ಜಿಗಿಯುತ್ತೆ ಅಂದ್ರೆ ಆಂಟೆನಾ ಮೇಲೆ ಕೋಪ ಮಾಡ್ಕೋಬೇಡಿ. ಪ್ರೊಪೆಲರ್ ಬಿಚ್ಚಿಟ್ಟು ಒಂದೊಂದೇ ಆನ್ ಮಾಡ್ತಾ ಹೋಗಿ, ಮೊದ್ಲು ಫ್ಲೈಟ್ ಕಂಟ್ರೋಲರ್, ಆಮೇಲೆ ಜಿಪಿಎಸ್, ಆಮೇಲೆ ವಿಡಿಯೋ ಟ್ರಾನ್ಸ್‌ಮಿಟರ್, ಕೊನೆಗೆ ಇಎಸ್‌ಸಿ (ಮೋಟರ್ ವೇಗ ನಡೆಸೋ ಬೋರ್ಡ್), ಮೋಟರ್. ನೂರಕ್ಕೆ ಎಂಬತ್ತು ಸಲ ವಿಡಿಯೋ ಇಲ್ಲಾ ಯಾವುದೋ ಪ್ರೊಸೆಸರ್‌ನ ಕ್ಲಾಕ್ ಹಾರ್ಮೋನಿಕ್, ಇದು ನನ್ನ ಅಂದಾಜು, ಅಳತೆ ಅಲ್ಲ. 1.2-1.3 ಗಿಗಾಹರ್ಟ್ಸ್ ವಿಡಿಯೋ ಇದ್ರೆ ತೆಗೆದೇ ಹಾಕಿ, ಪಕ್ಕದಲ್ಲೇ ಕೂತು ಎಲ್‌ಎನ್‌ಎನ ಉಸಿರುಗಟ್ಟಿಸುತ್ತೆ.

ಹೊರಗಿನ ಸಿಗ್ನಲ್ ಆದ್ರೆ, ಈ ಬ್ಯಾಂಡ್‌ನಲ್ಲಿ ಯಾರೂ ಪ್ರಸಾರ ಮಾಡೋ ಹಂಗಿಲ್ಲ ಅಂತ ಅಂತರರಾಷ್ಟ್ರೀಯ ನಿಯಮ ಇದೆ ನಿಜ, ಆದ್ರೂ ಸ್ಮಾಸ್ ಮೇಲೆ ಹೋದ ಮೇಲೆ ಅದರ ನಕ್ಷೇಲಿ ಎಷ್ಟೋ ಕಡೆ ಹೊರಗಿನ ಸಿಗ್ನಲ್‌ನ ಕೆಂಪು ಚುಕ್ಕೆ ಕಂಡಿದ್ದು ಈ ಬ್ಯಾಂಡ್‌ನಲ್ಲೇ, ಕೆಳಗಿನ ಪಕ್ಕದಲ್ಲಿ ರಡಾರ್‌ಗಳೂ ಇವೆ. ಕಂಡುಹಿಡಿಯೋಕೆ ಸ್ಯಾಂಪಲ್‌ಗಳ ಕರ್ಟೋಸಿಸ್ (ಹಂಚಿಕೆಯ ಬಾಲ ಎಷ್ಟು ದಪ್ಪ ಅನ್ನೋ ಸಂಖ್ಯೆ) ಲೆಕ್ಕ ಹಾಕಿ, ಶುದ್ಧ ಉಷ್ಣ ನಾಯ್ಸ್ ಆದ್ರೆ 3 ಬರುತ್ತೆ, ಸಣ್ಣ ಸಣ್ಣ ಪಲ್ಸ್ ನುಗ್ಗಿದ್ರೆ ಮೇಲೇರುತ್ತೆ, ಎಡೆಬಿಡದ ಸೈನ್ ಅಲೆ ಆದ್ರೆ ಕೆಳಗಿಳಿಯುತ್ತೆ. ಅರ್ಧ ಹೊತ್ತು ಆನ್ ಅರ್ಧ ಹೊತ್ತು ಆಫ್ ಇರೋ ಪಲ್ಸ್‌ಗೆ ಮಾತ್ರ ಇದು ಕುರುಡು, 3 ತೋರಿಸಿ ಸುಮ್ನಾಗುತ್ತೆ, ಅದಕ್ಕೆ ಸ್ಪೆಕ್ಟ್ರಮ್ ಕೂಡ ಒಂದು ಕಣ್ಣು ನೋಡಿ.

ರೀಡಿಂಗ್ ಜಿಗಿಯಲ್ಲ, ಬರೀ ನಡುಗುತ್ತೆ ಅಂದ್ರೆ ಹೀಗೆ ನೋಡಿ, ಸಿಸ್ಟಮ್ 500 ಕೆಲ್ವಿನ್, ಬ್ಯಾಂಡ್ 20 ಮೆಗಾಹರ್ಟ್ಸ್, ಒಂದು ಸೆಕೆಂಡ್ ಸರಾಸರಿ ತಗೊಂಡ್ರೆ ನಡುಕ 0.11 ಕೆಲ್ವಿನ್‌ಗೆ ಇಳೀಬೇಕು. ಹತ್ತು ಸೆಕೆಂಡ್ ತಗೊಂಡ್ರೂ ಇಳೀಲಿಲ್ಲ ಅಂದ್ರೆ ಗೇನ್ ತೇಲ್ತಿದೆ, ಇಲ್ಲಾ ಕನೆಕ್ಟರ್ ಸಡಿಲ. ಹಿತ್ತಾಳೆ ಎಸ್‌ಎಂಎ ಕನೆಕ್ಟರ್‌ಗೆ 0.56 ನ್ಯೂಟನ್ ಮೀಟರ್ ಟಾರ್ಕ್, ಬೆರಳಲ್ಲಿ ತಿರುಗಿಸಿ ಬಿಟ್ಟಿದ್ದು ಡ್ರೋನ್‌ನ ನಡುಕಕ್ಕೆ ಎರಡೇ ಹಾರಾಟದಲ್ಲಿ ಬಿಚ್ಕೊಳ್ಳುತ್ತೆ.

ಎಚ್ ಒಂದು ಥರ, ವಿ ಒಂದು ಥರ

ಶಾಂತ ನೀರನ್ನ ನೇರ ಕೆಳಗೆ ನೋಡುವಾಗ ಎಚ್ (ಅಡ್ಡ), ವಿ (ಲಂಬ) ಎರಡು ಪೋಲರೈಸೇಶನ್‌ಗೂ, ಅಂದ್ರೆ ಅಲೆ ತೂಗೋ ಎರಡು ದಿಕ್ಕಿಗೂ, ವ್ಯತ್ಯಾಸ ಇರೋ ಹಂಗಿಲ್ಲ. ಇದ್ರೆ ಡ್ರೋನ್‌ನ ಅಲ್ಲೇ 90 ಡಿಗ್ರಿ ತಿರುಗಿಸಿ. ವ್ಯತ್ಯಾಸ ಅದೇ ಪೋರ್ಟ್‌ನಲ್ಲೇ ಉಳಿದ್ರೆ ತಪ್ಪು ಆಂಟೆನಾದ್ದು, ಪೋರ್ಟ್ ಅದಲುಬದಲಾದ್ರೆ ಕೆಳಗೆ ಏನೋ ಇದೆ, ಅಲೆ ಇಲ್ಲಾ ದಡ. ಆಂಟೆನಾದ್ದೇ ಆದ್ರೆ ಕಾರ್ಬನ್ ಫೈಬರ್ ಕಡ್ಡಿ ನೋಡಿ. ಅದು ಪ್ಲಾಸ್ಟಿಕ್ ಅಲ್ಲ, ಕೆಟ್ಟ ವಾಹಕ, ಎಳೆಗಳ ಉದ್ದಕ್ಕೆ ಒಂದು ಥರ ಅಡ್ಡಕ್ಕೆ ಒಂದು ಥರ, ಪ್ಯಾಚ್ ಮುಂದೆ ಹಾದುಹೋಗಿದ್ರೆ ಒಂದು ಪೋಲರೈಸೇಶನ್ ಮಾತ್ರ ಹಾಳಾಗುತ್ತೆ. ಮುಂದೆ ಬರೋ ಭಾಗಕ್ಕೆ ಗಾಜಿನ ನಾರಿನ ಕಡ್ಡಿ ಹಾಕಿ, ಕಾರ್ಬನ್ ಎಲ್ಲಾ ಗ್ರೌಂಡ್ ಹಿಂದೆ ಇರ್ಲಿ.

ರಿಫ್ಲೆಕ್ಟರ್ ಬಳಸೋರಿಗೆ ಒಂದು ಸಣ್ಣ ಮಾತು. ಸ್ಮ್ಯಾಪ್‌ನ 6 ಮೀಟರ್, ನಿಸಾರ್ ಉಪಗ್ರಹದ 12 ಮೀಟರ್ ರಿಫ್ಲೆಕ್ಟರ್ ಎರಡೂ ಮಡಚಿ ಬಿಚ್ಚೋ ಜಾಲರಿ, ಯಾಕಂದ್ರೆ ಈ ಅಲೆಯುದ್ದಕ್ಕೆ ಅಷ್ಟು ಸಾಕು. ಮೇಲ್ಮೈ 4 ಮಿಲಿಮೀಟರ್ ಉಬ್ಬುತಗ್ಗು ಇದ್ರೂ ಗೇನ್ ಕಾಲು ಡಿಬಿ ಆಸುಪಾಸು ಕಡಿಮೆ ಆಗುತ್ತೆ ಅಷ್ಟೇ, ಅದೂ ಲಾಸ್ ಅಲ್ಲ, ಬೇರೆ ದಿಕ್ಕಿಗೆ ಚೆಲ್ಲೋದು. ಅದಕ್ಕೆ ಮಿಲಿಮೀಟರ್ ಹಿಂದೆ ಬಿದ್ದು ನಿದ್ದೆ ಕೆಡಬೇಡಿ, ಜಾಲರಿಯ ತಂತಿ ತಂತಿ ಸೇರೋ ಕಡೆ ತುಕ್ಕು ಹಿಡಿದಿದ್ಯಾ ನೋಡಿ.

ಎಲ್ಲಾ ಸರಿ ಇದೆ, ಆದ್ರೆ ದಡ ಮಸುಕು

ಕೊನೇದು, ನಾಲ್ಕು ಪ್ಯಾಚ್‌ನಲ್ಲಿ ಒಂದು ಸತ್ತಿರೋದು. ಸತ್ತ ಪ್ಯಾಚ್‌ನ ಕಡೆಯಿಂದ ಕಂಬೈನರ್‌ಗೆ ಬರೋದು ಬರೀ 295 ಕೆಲ್ವಿನ್‌ನ ನಾಯ್ಸ್, 110ರ ನೀರು 156 ಆಗಿ ಕಾಣುತ್ತೆ, ಇದನ್ನ ಲಾಸ್ ಅಂತ ತಪ್ಪು ತಿಳಿಯೋದು ಸುಲಭ. ಇನ್ನೂ ಕಿಲಾಡಿ ದೋಷ ಅಂದ್ರೆ ಒಂದು ಪ್ಯಾಚ್‌ನ ಫೀಡ್ ತಲೆಕೆಳಗೆ ಕೂತಿರೋದು. ನೇರ ಮುಂದಿನ ಗೇನ್ 6 ಡಿಬಿ ಬಿದ್ದೋಗುತ್ತೆ, ಆದ್ರೆ ಸುತ್ತ ಒಂದೇ ಸಮ ಇರೋ ನೀರಿನ ಮೇಲೆ ರೀಡಿಂಗ್ ಹೆಚ್ಚುಕಮ್ಮಿ ಸರಿನೇ ಬರುತ್ತೆ, ಎಲ್ಲಾ ದಿಕ್ಕಲ್ಲೂ 110 ಇದ್ರೆ ಯಾವ ಕಡೆ ನೋಡಿದ್ರೂ 110 ತಾನೆ. ಗೊತ್ತಾಗೋದು ನೀರಿಂದ ದಡಕ್ಕೆ ದಾಟುವಾಗ, 15 ಮೀಟರ್ ಎತ್ತರದಲ್ಲಿ ಹತ್ತು ಮೀಟರ್ ಒಳಗೆ ಏರ್ಬೇಕಾದ್ದು ನಲವತ್ತು ಮೀಟರ್ ಎಳೆಯುತ್ತೆ.

ಎರಡಕ್ಕೂ ಅಂಗೈ ಟೆಸ್ಟ್ ಇದೆ. ಹಲಗೇನ ರಾತ್ರಿ ಆಕಾಶಕ್ಕೆ ಮಲಗಿಸಿ ಪಕ್ಕದಲ್ಲಿ ತಗ್ಗಿ ಕೂತು, ಒಂದೊಂದು ಪ್ಯಾಚ್ ಮೇಲೆ ಎರಡು ಸೆಂಟಿಮೀಟರ್ ಎತ್ತರದಲ್ಲಿ ಅಂಗೈ ಹಿಡೀರಿ, ಐದು ಎಣಿಸಿ, ತೆಗೀರಿ. ನಾಲ್ಕಕ್ಕೂ ರೀಡಿಂಗ್ ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ಜಿಗೀಬೇಕು. ಜಿಗಿಯದೇ ಇರೋದು ಸತ್ತಿದೆ, ಅದರ ಫೀಡ್ ಪಿನ್‌ನ ಬೆಸುಗೆ ಮತ್ತೆ ಕಾಯ್ಸಿ. ನಾಲ್ಕೂ ಸಮ ಜಿಗಿದು ದಡ ಮಾತ್ರ ಮಸುಕು ಅಂದ್ರೆ ತಲೆಕೆಳಗಾಗಿರೋದು, ಹಲಗೆ ತಿರುಗಿಸಿ ಪಿನ್‌ಗಳ ಜಾಗ ನೋಡಿ, ಮೂರು ಒಂದು ಕಡೆ ಇದ್ದು ಒಂದು ಎದುರು ಕಡೆ ಇರುತ್ತೆ. ಸರಿ ಮಾಡಿದ ಮೇಲೆ ಹಳೇ ಕ್ಯಾಲಿಬ್ರೇಶನ್ ಫೈಲ್ ಅಳಿಸಿ, ಅದೇ ರಾತ್ರಿ ಆಕಾಶ, ಬೆಳಿಗ್ಗೆ ನೀರು, ಎರಡನ್ನೂ ಹೊಸದಾಗಿ ತಗೊಳ್ಳಿ, ಹಲಗೆ ತೂಕನೂ ಇನ್ನೊಂದ್ಸಲ ಬರೆದಿಡಿ, ಬೆಸುಗೆ ಸೇರಿರುತ್ತಲ್ಲ.